ಅತ್ತಿಗೆ ಬರೆದ ಹೊಳೆ

ನಮ್ಮ ಅತ್ತಿಗೆ ತೌಲನಿಕ ಸಾಹಿತ್ಯದ ಪ್ರೊಫೆಸರು ಎಂದರೆ ಸಾಕು, ನನ್ನ ಹೊಲಿಗೆ ಅಂಗಡಿಗೆ ಬಂದವರೆಲ್ಲ, "ಹಾಗಂದ್ರೆ ಏನು ಕೆಲಸ?" ಎಂದು ಕೇಳುತ್ತಾರೆ. ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಒಂದು ಭಾಷೆಯ ಕಥೆಯನ್ನೂ ಇನ್ನೊಂದು ಭಾಷೆಯ ಕಥೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವುದು ಯಾವುದರಿಂದ ಬಂತು, ಯಾವುದು ತಾನಾಗಿಯೇ ಹುಟ್ಟಿತು ಎಂದು ಪತ್ತೆ ಹಚ್ಚುವುದು. "ಅದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದ ಒಬ್ಬಾಕೆಯ ಸೊಂಟಕ್ಕೆ ಅಳತೆ ಪಟ್ಟಿಯನ್ನು ಸ್ವಲ್ಪ ಬಿಗಿಯಾಗಿಯೇ ಎಳೆದಿದ್ದೆ. ನಮ್ಮ ಅತ್ತಿಗೆಯನ್ನು ಬೈಯುವ ಹಕ್ಕು ಇರುವುದು ಒಬ್ಬಳಿಗೆ, ಅದು ನನಗೆ. ಬೇರೆ ಯಾರಾದರೂ ಬಾಯಿ ಹಾಕಿದರೆ ಸುಮ್ಮನಿರುವವಳಲ್ಲ ನಾನು.

ನಮ್ಮಣ್ಣ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವವನು. ಪೈಪು ಎಲ್ಲಿ ತಿರುಗುತ್ತದೆ ಎಂಬುದರ ಆಚೆಗೆ ಅವನಿಗೆ ಯಾವ ಚಿಂತೆಯೂ ಇರಲಿಲ್ಲ. ಅಂಥವನು ಮದುವೆಯಾಗಿ ಕರೆದುಕೊಂಡು ಬಂದದ್ದು ಈಕೆಯನ್ನು. ಜೊತೆಗೆ ಎರಡು ದೊಡ್ಡ ಟ್ರಂಕುಗಳು. ಹೊಸ ಸೊಸೆಯ ಬಟ್ಟೆಬರೆ ನೋಡೋಣವೆಂದು ನಾನೂ ಅಮ್ಮನೂ ಆಸೆಯಿಂದ ಮುಚ್ಚಳ ತೆಗೆದರೆ ಎರಡರ ತುಂಬ ನಿಘಂಟುಗಳು. ಅಮ್ಮ ಅಣ್ಣನನ್ನು ಒಳಗೆ ಕರೆದು, "ಏನೋ, ಉಟ್ಟ ಬಟ್ಟೇಲಿ ಬಂದುಬಿಟ್ಟಿದ್ದಾಳಲ್ಲೋ!" ಎಂದು ಪಿಸುಗುಟ್ಟಿದರು. ಅಣ್ಣ ತಲೆ ಕೆರೆದುಕೊಂಡ. ಮೊದಲ ತಿಂಗಳು ಅತ್ತಿಗೆ ನನ್ನ ಬಟ್ಟೆಗಳನ್ನೇ ಹಾಕಿಕೊಂಡು ಕಾಲೇಜಿಗೆ ಹೋಗಿ ಪಾಠ ಮಾಡಿದರು, ಒಂದಿಷ್ಟೂ ಸಂಕೋಚವಿಲ್ಲದೆ!

ಅತ್ತಿಗೆ ಹೋಲಿಸಲು ಹೊರಟದ್ದು ಸಮುದ್ರದ ದಡದ ಬಂದರಿನವರ ಹಾಡುಗಳನ್ನು, ಒಳನಾಡಿನ ಗುಡ್ಡದವರ ಹಾಡುಗಳನ್ನು. ಬಂದರಿನವರ ಭಾಷೆ ಅವರಿಗೆ ಚೆನ್ನಾಗಿ ಬರುತ್ತಿತ್ತು. ಗುಡ್ಡದವರ ಭಾಷೆ ಬರುತ್ತಿರಲಿಲ್ಲ, ಅದನ್ನು ಕಲಿಸುವ ಶಾಲೆಯೂ ಇರಲಿಲ್ಲ. ಅತ್ತಿಗೆ ಕೈಕಟ್ಟಿ ಕೂರುವವರೇ? ಊರ ಹೊರಗೆ ಲಾರಿಗಳು ನಿಲ್ಲುವ ಕಡೆ ಒಂದು ಚಹಾದಂಗಡಿಯಿತ್ತು. ಗುಡ್ಡದಿಂದ ಮರದ ದಿಮ್ಮಿ ತರುವ ಡ್ರೈವರುಗಳು ಅಲ್ಲಿ ಕೂರುತ್ತಿದ್ದರು. ಇವರು ದಿನಾ ಕಾಲೇಜು ಮುಗಿಸಿ ಅಲ್ಲಿಗೆ ಹೋಗಿ, ಅವರಿಗೆ ಚಹಾ ಕೊಡಿಸಿ, ಬಾಯಿ ಬಿಡಿಸುತ್ತಿದ್ದರು. ಡ್ರೈವರುಗಳ ಬಾಯಲ್ಲಿ ಮೊದಲು ಬರುವುದು ಏನು? ಬೈಗುಳ. ಒಂದು ದಿನ ಅಡುಗೆಮನೆಯ ನಲ್ಲಿ ಕಿತ್ತುಕೊಂಡು ನೀರು ಮುಖಕ್ಕೇ ಚಿಮ್ಮಿದಾಗ ಅತ್ತಿಗೆಯ ಬಾಯಿಂದ ಉದ್ದನೆಯ ಒಂದು ಸಾಲು ಉದುರಿತು. "ಎಷ್ಟು ಚೆನ್ನಾಗಿದೆ! ಪದ್ಯಾನಾ?" ಎಂದರು ಅಮ್ಮ. "ಹೂಂ ಅತ್ತೆ, ಪದ್ಯಾನೇ" ಎಂದರು ಅತ್ತಿಗೆ. ಅಮ್ಮ ಅದನ್ನು ಬಾಯಿಪಾಠ ಮಾಡಿಕೊಂಡು, ಗುಡ್ಡದ ಕಡೆಯಿಂದ ಜೇನು ಮಾರಲು ಬಂದವನಿಗೆ ಪ್ರೀತಿಯಿಂದ ಒಪ್ಪಿಸಿದರು. ಅವನು ಜೇನಿನ ಡಬ್ಬ ಅಲ್ಲೇ ಬಿಟ್ಟು ಹೋದವನು ಮತ್ತೆ ನಮ್ಮ ಬೀದಿಗೆ ಕಾಲಿಡಲಿಲ್ಲ.

ಅವರು ಕೆಲಸ ಮಾಡುವ ರೀತಿ ಇನ್ನೊಂದು ಬಗೆ. ನಮ್ಮ ಊಟದ ಮೇಜಿನ ಎರಡು ತುದಿಗೆ ಎರಡು ಕುರ್ಚಿ. ಈ ತುದಿಯಲ್ಲಿ ಕೂತು ಒಂದು ಭಾಷೆಯ ಹಾಡು ಓದುವುದು. ಎದ್ದು ಮುಖ ತೊಳೆದುಕೊಂಡು ಬಂದು ಆ ತುದಿಯಲ್ಲಿ ಕೂತು ಇನ್ನೊಂದನ್ನು ಓದುವುದು. "ಒಂದೇ ಕಡೆ ಕೂತು ಎರಡನ್ನೂ ಓದಿದ್ರೆ, ಎರಡನೇದನ್ನ ಮೊದಲನೇದರ ಕಣ್ಣಲ್ಲೇ ನೋಡ್ತೀವಿ ಕಣೇ" ಎನ್ನುತ್ತಿದ್ದರು. ಮೇಜು ಅವರದಾಯಿತು, ನಾವೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. "ಹೋಟೆಲಿಗಿಂತ ಕಡೆಯಾಯ್ತು ನಮ್ಮನೆ" ಎಂದು ನಾನು ರೇಗಿದರೆ, "ಹೋಟೆಲಲ್ಲಿ ಇಷ್ಟು ಬೈಗುಳ ಬಡಿಸಲ್ಲ" ಎನ್ನುವರು. ಕೋಪ ಬಂದರೂ ನಗು ತಡೆಯಲು ಆಗುತ್ತಿರಲಿಲ್ಲ.

ಹೀಗೆ ವರ್ಷಗಟ್ಟಲೆ ಮುಖ ತೊಳೆದು ತೊಳೆದು ಅವರು ಬರೆದದ್ದು ಒಂದು ಪುಸ್ತಕ. ದೋಣಿಗಾರನ ಹೆಂಡತಿಯ ಹಾಡಿನ ಬಗ್ಗೆ. ಬೆಳಿಗ್ಗೆ ದೋಣಿ ಬಿಟ್ಟು ಹೋದ ಗಂಡ ಬರಲಿಲ್ಲ, ಹೆಂಡತಿ ದಡದಲ್ಲಿ ಕಾಯುತ್ತಾಳೆ, ಅಷ್ಟೇ ಹಾಡು. ಬಂದರಿನವರಲ್ಲೂ ಇದೆ, ಗುಡ್ಡದವರಲ್ಲೂ ಇದೆ. ಎರಡರಲ್ಲೂ ಒಂದೇ ಸಾಲು ಬರುತ್ತದೆ: ಸಂಜೆಗೆ ಹೊಳೆ ಮರಳಿ ಬಂತು, ಅವನು ಬರಲಿಲ್ಲ. ಬಂದರಿನಲ್ಲಿ ಇದು ದಿನನಿತ್ಯದ ಸಂಗತಿ. ಸಮುದ್ರ ಉಕ್ಕಿದಾಗ ಹೊಳೆಯ ನೀರು ಹಿಂದಕ್ಕೆ ಹರಿಯುತ್ತದೆ, ಮಕ್ಕಳಿಗೂ ಗೊತ್ತು. ಗುಡ್ಡದಲ್ಲಿ ಸಮುದ್ರವೆಲ್ಲಿದೆ? ಅತ್ತಿಗೆ ಇಲ್ಲೇ ಕಣ್ಣರಳಿಸಿದ್ದು. ಬಂದರಿನ ಹೆಂಗಸು ಕಣ್ಣಾರೆ ಕಂಡದ್ದನ್ನು ಗುಡ್ಡದ ಹೆಂಗಸು ದುಃಖದಲ್ಲಿ ಕಲ್ಪಿಸಿಕೊಂಡಳು, ಗಂಡನನ್ನು ಕರೆಸಲಾಗದವಳು ಹೊಳೆಯನ್ನೇ ಹಿಂದಕ್ಕೆ ಕರೆಸಿದಳು, ಯಾರೂ ಯಾರಿಗೂ ಹೇಳಿಕೊಡದೆ ಎರಡು ಕಡೆ ಒಂದೇ ಸಾಲು ಹುಟ್ಟಿತು ಎಂದು ಒಂದಿಡೀ ಅಧ್ಯಾಯ ಬರೆದರು. ಅವರ ಹೆಸರು ಬೆಳೆದದ್ದೇ ಆ ಅಧ್ಯಾಯದಿಂದ. ನಾನೂ ಓದಿದ್ದೇನೆ, ಓದಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಿದ್ದೇನೆ. ದೂರದೂರದ ವಿಶ್ವವಿದ್ಯಾಲಯದವರು ಕರೆದರು, ಮೂರನೇ ಮಹಡಿಯಲ್ಲಿ ಕಿಟಕಿಯಿರುವ ಕೋಣೆ ಸಿಕ್ಕಿತು, ನಿವೃತ್ತಿಯ ಹೊತ್ತಿಗೆ ಹೊಸ ಮುದ್ರಣ ತರುತ್ತೇವೆಂದು ಪ್ರಕಾಶಕರು ತಾವಾಗಿಯೇ ಮನೆಗೆ ಬಂದರು. ಮಕ್ಕಳಿಲ್ಲದ ಅತ್ತಿಗೆ ಆ ಪುಸ್ತಕವನ್ನು ನೋಡುತ್ತಿದ್ದ ರೀತಿ ನನಗೆ ಗೊತ್ತು. ಅದರ ಬೆನ್ನು ಸವರದೆ ಕಪಾಟಿನ ಮುಂದೆ ಹಾದು ಹೋದವರಲ್ಲ.

ಅವರ ಕೊನೆಯ ಸಂಶೋಧನಾ ವಿದ್ಯಾರ್ಥಿನಿ ಗುಡ್ಡದವಳು. ಶಾಲೆಯಲ್ಲಿ ಪಾಠ ಮಾಡುತ್ತ, ಸಂಸಾರ ನಡೆಸುತ್ತ ಪಿಎಚ್‌ಡಿಗೆ ಸೇರಿದ್ದಳು. ಮಾತಿಗೊಂದು "ಆದ್ರೆ" ಸೇರಿಸುತ್ತಿದ್ದುದರಿಂದ ನಾನು ಆದ್ರಮ್ಮ ಎಂದು ಹೆಸರಿಟ್ಟಿದ್ದೆ. ಅತ್ತಿಗೆಗೆ ಅವಳೆಂದರೆ ಪ್ರಾಣ. ಒಂದು ಭಾನುವಾರ ನಾನು ಪಕ್ಕದ ಕೋಣೆಯಲ್ಲಿ ಗುಂಡಿ ಹಚ್ಚುತ್ತಿದ್ದೆ. ಮೇಜಿನ ಹತ್ತಿರ ಅವಳ ದನಿ ಕೇಳಿಸಿತು.

"ಆದ್ರೆ ಮೇಡಂ, ನಮ್ಮ ಹೊಳೆ ಹಿಂದಕ್ಕೆ ಬರಲ್ಲ."

"ಗೊತ್ತಲ್ಲಮ್ಮ. ಅದಕ್ಕೇ ಅದು ಕಲ್ಪನೆ."

"ಕಲ್ಪನೆ ಅಲ್ಲ ಮೇಡಂ. ನೀವು ತಗೊಂಡಿರೋ ಹಾಡು ಶಾಲೆ ಮಕ್ಕಳ ಬಾಯಿಂದ ಬರ್ಕೊಂಡಿದ್ದು. ಆ ಮಕ್ಕಳಿಗೆ ಅದನ್ನ ಕಲಿಸಿದ ಮೇಷ್ಟ್ರು ಬಂದರಿನಲ್ಲಿ ಓದಿ ಬಂದವರು. ಅಲ್ಲಿಯ ಪಠ್ಯದಲ್ಲಿದ್ದ ಹಾಡನ್ನೇ ನಮ್ಮ ಭಾಷೆಗೆ ಮಾಡಿ ಹಾಡಿಸಿದ್ರು. ಎರಡೂ ಒಂದೇ ಹಾಡು ಮೇಡಂ. ನೀವು ಒಂದನ್ನ ಅದರ ಅನುವಾದದ ಜೊತೆಗೇ ಹೋಲಿಸಿಬಿಟ್ಟಿದ್ದೀರಿ."

ನಾನು ಸೂಜಿ ಬಿಟ್ಟು ಎದ್ದು ಹೋಗಿ, "ಏನಮ್ಮಾ, ಉಂಡ ಮನೆಗೇ ಕನ್ನ ಹಾಕ್ತೀಯಾ?" ಎಂದು ಕೂಗಿದೆ. ಅತ್ತಿಗೆ ನನ್ನ ಕಡೆ ನೋಡಲೇ ಇಲ್ಲ. ಅವಳು ತಂದಿದ್ದ ಪುರಾವೆಗಳನ್ನೆಲ್ಲ ಹತ್ತಿರಕ್ಕೆ ಎಳೆದುಕೊಂಡು, "ನೀನು ಮನೆಗೆ ಹೋಗು. ನಾನು ನೋಡ್ತೀನಿ" ಎಂದರು. ಆ ವಾರವೆಲ್ಲ ಮೇಜಿನ ಎರಡೂ ತುದಿಯಲ್ಲಿ ಕೂತು ನೋಡಿದರು. ಊಟ ಸೇರಲಿಲ್ಲ. ಕೊನೆಗೆ, "ಗುಡ್ಡಕ್ಕೆ ಹೋಗಿಬರೋಣ, ಬರ್ತೀಯಾ?" ಎಂದು ನನ್ನನ್ನು ಕೇಳಿದರು. ಯೂನಿಫಾರಂ ಹೊಲಿಯುವ ಸೀಸನ್ನು, ಅಂಗಡಿ ತುಂಬ ಗಿರಾಕಿಗಳು. ಗೊಣಗಾಡಿಕೊಂಡೇ ಬಾಗಿಲು ಹಾಕಿ ಹೊರಟೆ.

ಅಲ್ಲಿ ಹೊಳೆಯ ದಡದಲ್ಲಿ ಒಂದು ಬಂಡೆ ಹುಡುಕಿ ಕೂತರು. ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ನೋಡಿದರು. ಅದು ಕೆಳಗೆ ಹೋಗುತ್ತಿತ್ತು. ಮಧ್ಯಾಹ್ನವೂ ಕೆಳಗೇ ಹೋಯಿತು. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. "ಅತ್ತಿಗೆ, ನೀರು ಕೆಳಕ್ಕೆ ಹೋಗುತ್ತೆ ಅಂತ ತಿಳ್ಕೊಳ್ಳೋಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮಣ್ಣನ್ನ ಕೇಳಿದ್ರೆ ಅಡುಗೆಮನೇಲೇ ಹೇಳ್ತಿದ್ದ" ಎಂದೆ. "ಬರೆಯೋ ಮುಂಚೆ ಬಂದು ಕೂರಬೇಕಿತ್ತು ಕಣೇ" ಎಂದರು. ಪುಸ್ತಕದ ಹೊಳೆಯನ್ನು ಎರಡು ಕುರ್ಚಿಯಿಂದ ನೋಡಿದವರು ನಿಜವಾದ ಹೊಳೆಯನ್ನು ನೋಡಲು ಹೋಗಿರಲೇ ಇಲ್ಲ. ಇಂಥ ತಪ್ಪು ಓದಿದವರಿಗೆ ಮಾತ್ರ ಸಾಧ್ಯ.

ಸಂಜೆ ಬಟ್ಟೆ ಒಗೆಯಲು ಬಂದ ಹೆಂಗಸರನ್ನು ಅತ್ತಿಗೆ ಅವರ ಭಾಷೆಯಲ್ಲೇ ಮಾತಾಡಿಸಿ ಹಾಡು ಹೇಳಿಸಿದರು. ಆ ಸಾಲು ಬಂತು. ಎಲ್ಲಿ ಕಲಿತಿರಿ ಎಂದರೆ, ಶಾಲೆಯಲ್ಲಿ ಹೇಳಿಕೊಟ್ಟದ್ದು ಎಂದರು. ಅವರಲ್ಲಿ ಒಬ್ಬಳು, ಅವಳ ಗಂಡ ತೀರಿಹೋಗಿದ್ದನಂತೆ, ಮತ್ತೇನೋ ಹೇಳಿದಳು. ನಾನು ಪೀಡಿಸಿದ ಮೇಲೆ ಅತ್ತಿಗೆ ಅರ್ಥ ಹೇಳಿದರು: "ಹೊಳೆ ಬರಲ್ಲ ಅಂತ ನಮಗೂ ಗೊತ್ತು. ಬರಲಿ ಅಂತ ಹಾಡ್ತೀವಿ ಅಂದ್ಲು."

ನನಗೆ ಕುಣಿಯುವಷ್ಟು ಖುಷಿಯಾಯಿತು. "ನೋಡಿದ್ರಾ! ನೀವು ಬರೆದಿದ್ದನ್ನೇ ಹೇಳಿದ್ಲಲ್ಲ! ಇದನ್ನೇ ಬರೆದುಬಿಡಿ, ಪುಸ್ತಕ ಉಳಿಯುತ್ತೆ."

"ಹಾಡು ಯಾಕೆ ಉಳೀತು ಅನ್ನೋದು ಬೇರೆ, ಎಲ್ಲಿಂದ ಬಂತು ಅನ್ನೋದು ಬೇರೆ. ನಾನು ಬರೆದಿದ್ದು ಎಲ್ಲಿಂದ ಬಂತು ಅಂತ. ಅದು ಸುಳ್ಳಾಯ್ತು. ಗಂಡ ಸತ್ತವಳನ್ನ ನನ್ನ ಪರವಾಗಿ ಸಾಕ್ಷಿಗೆ ನಿಲ್ಲಿಸಲಾ?"

ವಾಪಸು ಬರುವಾಗ ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ.

ಇತ್ತ ಆದ್ರಮ್ಮನಿಗೆ ಹೆದರಿಕೆ ಶುರುವಾಗಿತ್ತು. ವಿಭಾಗದ ಮುಖ್ಯಸ್ಥರು ಅವಳನ್ನು ಕರೆದು, ಗುರುವಿನ ಪುಸ್ತಕವನ್ನು ಕೆಡವಿ ಯಾರೂ ಮುಂದೆ ಬಂದದ್ದಿಲ್ಲ, ಹೊಳೆಯ ಹಾಡಿನ ಅಧ್ಯಾಯವನ್ನು ನಿನ್ನ ಪ್ರಬಂಧದಿಂದ ಕೈಬಿಡು ಎಂದು ಬುದ್ಧಿ ಹೇಳಿದ್ದರಂತೆ. ಅವಳು ಕೈಬಿಟ್ಟಳು. ಬೈಂಡು ಹಾಕಿಸಿದ ಪ್ರಬಂಧವನ್ನು ತಂದು ಅತ್ತಿಗೆಯ ಮುಂದೆ ಇಟ್ಟಳು, ಮಾರ್ಗದರ್ಶಕರ ಸಹಿ ಬೇಕಿತ್ತು. ನಾನು ಒಳಗೊಳಗೇ, ಸದ್ಯ ಬದುಕಿದೆವು ಎಂದುಕೊಂಡೆ. ಅತ್ತಿಗೆ ಪುಟ ತಿರುವಿ ನೋಡಿ ಪೆನ್ನಿನ ಮುಚ್ಚಳ ಹಾಕಿದರು.

"ಹೊಳೆ ಎಲ್ಲಿ?"

"ಬೇಡ ಮೇಡಂ. ನಿಮ್ಮ ಪುಸ್ತಕ..."

"ನನ್ನ ಪುಸ್ತಕಕ್ಕೆ ನೀನು ಕಾವಲು ಕೂತಿದ್ದೀಯಾ? ಯಾರು ಹೇಳಿದ್ರು ನಿಂಗೆ?" ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಇಷ್ಟು ವರ್ಷ ನನಗೆ ಕಾಣದೇ ಇದ್ದಿದ್ದು ನಿನಗೆ ಕಂಡಿದೆ. ಅದನ್ನ ಮುಚ್ಚಿಟ್ಟು ಡಾಕ್ಟರ್ ಅನ್ನಿಸ್ಕೊಳ್ತೀಯಾ? ತಗೊಂಡು ಹೋಗು. ಅದು ಸೇರೋವರೆಗೂ ಸಹಿ ಇಲ್ಲ."

ಆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ನಾನು ನೀರು ತಂದುಕೊಟ್ಟೆ. ಏನು ಮಾಡಲಿ, ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಗಿತ್ತು. ಅಧ್ಯಾಯ ಸೇರಿತು, ಅತ್ತಿಗೆಯೇ ಅದರ ಪುರಾವೆಗಳನ್ನು ಇನ್ನಷ್ಟು ಗಟ್ಟಿ ಮಾಡಿಸಿದರು. ಹೊಸ ಮುದ್ರಣ ಬೇಡವೆಂದು ಪ್ರಕಾಶಕರಿಗೆ ಫೋನು ಮಾಡಿ ಹೇಳಿದರು. ಅಣ್ಣ ಮಾತ್ರ, "ಪೈಪು ತಪ್ಪಾಗಿ ಹಾಕಿದ್ರೆ ಅಗೆದು ತೆಗೀಲೇಬೇಕಲ್ಲ" ಎಂದು ಸಲೀಸಾಗಿ ಹೇಳಿ ಪೇಪರು ಓದುತ್ತ ಕೂತ. ನನಗೆ ಅವನ ತಲೆಗೆ ಮೊಟಕುವ ಹಾಗಾಯಿತು.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬರಬಹುದಂತೆ. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅತ್ತಿಗೆಯ ಪುಸ್ತಕವನ್ನು ಓದಿಯೇ ಈ ವಿಷಯಕ್ಕೆ ಬಂದವರು, ವಯಸ್ಸಾದವರು. ಆದ್ರಮ್ಮನನ್ನು ಹಿಡಿದು ಜಗ್ಗಾಡಿದರು. ಮೇಷ್ಟರ ವಿಷಯ ಕೇಳಿದರು, ಪಠ್ಯದ ವಿಷಯ ಕೇಳಿದರು. ಅವಳು ಬೆವರುತ್ತ, ತಡವರಿಸುತ್ತ, ಒಂದನ್ನೂ ಬಿಟ್ಟುಕೊಡದೆ ಉತ್ತರಿಸಿದಳು. ಅವರಿಗೆ ಇನ್ನು ಕೇಳಲು ಏನೂ ಉಳಿಯಲಿಲ್ಲ. ಆಗ ಕನ್ನಡಕ ತೆಗೆದು ಅತ್ತಿಗೆಯ ಕಡೆ ತಿರುಗಿದರು.

"ಮೇಡಂ, ಇದನ್ನ ಒಪ್ಪಿದ್ರೆ ನಿಮ್ಮ ಪುಸ್ತಕ ಬಿದ್ದ ಹಾಗೇ. ಮಾರ್ಗದರ್ಶಕರಾಗಿ ನೀವೇನು ಹೇಳ್ತೀರಿ?"

ಅತ್ತಿಗೆ ಎದ್ದು ನಿಂತರು. ಕೈ ಮೇಜನ್ನು ಗಟ್ಟಿಯಾಗಿ ಹಿಡಿದಿದ್ದನ್ನು ನಾನು ನೋಡಿದೆ.

"ಬಿದ್ದಿದೆ ಸಾರ್. ಬೀಳಿಸಿದ್ದು ನನ್ನ ವಿದ್ಯಾರ್ಥಿನಿ. ಎರಡನ್ನೂ ಬರ್ಕೊಳ್ಳಿ."

ಆ ಮುದುಕರು ತಾವೇ ಮೊದಲು ಚಪ್ಪಾಳೆ ತಟ್ಟಿದರು. ಇಡೀ ಕೋಣೆ ತಟ್ಟಿತು. ನಾನಂತೂ ಅಂಗೈ ಉರಿಯುವವರೆಗೂ ತಟ್ಟಿದೆ. ಇಂಥವರ ನಾದಿನಿ ನಾನು ಎಂದು ಎದ್ದು ನಿಂತು ಕೂಗಬೇಕೆನಿಸಿತು, ಸದ್ಯ ಕೂಗಲಿಲ್ಲ. ಅತ್ತಿಗೆ ಎಲ್ಲರ ಜೊತೆ ನಗುನಗುತ್ತ ಮಾತಾಡಿ, ಚಹಾ ಕುಡಿದು, ಡಾಕ್ಟರಾದ ಹುಡುಗಿಯ ಕೆನ್ನೆ ತಟ್ಟಿ ಹೊರಟರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಎರಡು ನಿಲ್ದಾಣ ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡರು.

"ಆ ಅಧ್ಯಾಯ ಎಷ್ಟು ಚೆನ್ನಾಗಿ ಬರೆದಿದ್ದೆ ಕಣೇ" ಎಂದವರು, ತುಂಬಿದ ಬಸ್ಸಿನಲ್ಲಿ, ಅಷ್ಟು ಜನರ ಎದುರಿಗೆ, ಮಗುವಿನ ಹಾಗೆ ಅಳತೊಡಗಿದರು.

"ಹೂಂ ಅತ್ತಿಗೆ, ತುಂಬಾ ಚೆನ್ನಾಗಿ ಬರೆದಿದ್ರಿ" ಎಂದೆ. ಕಂಡಕ್ಟರು ಟಿಕೆಟ್ ಕೇಳಲು ಬಂದವನು ನಮ್ಮನ್ನು ನೋಡಿ, ಆಮೇಲೆ ಬರುತ್ತೇನೆಂದು ಮುಂದೆ ಹೋದ.