ಹಲ್ಲಿಗೆ ಕೇಳುವ ಪಂಪಿನ ಸದ್ದು

ಬೆಳಿಗ್ಗೆ ಆರೂಕಾಲು. ನೆಲಮಾಳಿಗೆಯ ಕಂಪ್ಯೂಟರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಪಕ್ಕದ ಮುಚ್ಚಳ ಬಿಚ್ಚಿಟ್ಟ ಕಂಪ್ಯೂಟರ್ ಡಬ್ಬದ ಮುಂದೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಅವರ ಹಲ್ಲುಗಳ ನಡುವೆ. ತುದಿ ಡಬ್ಬದೊಳಗಿನ ಪಂಪಿನ ಮೇಲೆ. ಕಣ್ಣು ಮುಚ್ಚಿ, ಹತ್ತು ಎಣಿಸುವಷ್ಟು ಹೊತ್ತು ಹಾಗೇ ಕಚ್ಚಿ ಹಿಡಿದು, ಆಮೇಲೆ ಹಿಡಿಯನ್ನು ತೋಳಿಗೆ ಒರೆಸಿಕೊಂಡು, ಪತ್ರಿಕೆಗೆ ಬರೆಯಲು ಬಂದ ನಮ್ಮತ್ತ ತಿರುಗುತ್ತಾರೆ. "ತಿರುಗ್ತಾ ಇದೆ ಕಣ್ರೀ, ಚೆನ್ನಾಗೇ ತಿರುಗ್ತಾ ಇದೆ. ಯಾವ ಪುಣ್ಯಾತ್ಮ ಹೇಳಿದ್ದು ಪಂಪ್ ಸತ್ತಿದೆ ಅಂತ?"

ಹೇಳಿದ ಪುಣ್ಯಾತ್ಮರು ಅಂಗಡಿಯ ಮಾಲೀಕರು. ಡಬ್ಬದ ಒಂದು ಸ್ಕ್ರೂ ಕೂಡ ಬಿಚ್ಚದೆ ನಿನ್ನೆಯೇ ಗಿರಾಕಿಗೆ ಫೋನಿನಲ್ಲಿ ತೀರ್ಪು ಕೊಟ್ಟಿದ್ದಾರೆ. ಯಂತ್ರ ಒಂದು ಎಕ್ಸ್‌ರೇ ಕೇಂದ್ರದ್ದು. ಎರಡು ದಿನದಿಂದ, ಶುರು ಮಾಡಿದ ಐದು ನಿಮಿಷಕ್ಕೇ ಕಾದು ನಿಂತುಹೋಗುತ್ತಿದೆ. ಮುರಿದ ಕೈ ಹಿಡಿದುಕೊಂಡು ಬಂದವರನ್ನೂ ಅಲ್ಲಿ ನಾಳೆ ಬನ್ನಿ ಎಂದು ವಾಪಸು ಕಳಿಸುತ್ತಿದ್ದಾರೆ. ಒಂಬತ್ತಕ್ಕೆ ಇದು ಸಿದ್ಧವಾಗಬೇಕು.

ಎಲ್ಲರೂ ಇವರನ್ನು ಕರೆಯುವುದು ಪಂಪಕ್ಕ ಎಂದು. ಹದಿನೆಂಟು ವರ್ಷದ ಹಿಂದೆ ಈ ಅಂಗಡಿಗೆ ಕಸ ಗುಡಿಸಲು ಬಂದವರು. ನೀರಿನಿಂದ ತಂಪಾಗುವ ಕಂಪ್ಯೂಟರ್ ಮೊದಲ ಸಲ ರಿಪೇರಿಗೆ ಬಂದಾಗ, ಅಯ್ಯೋ, ಕರೆಂಟಿನ ಪಕ್ಕದಲ್ಲಿ ನೀರು ಎಂದು ಇಲ್ಲಿನ ಗಂಡಸರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರಂತೆ. "ದಿನಾ ಇಪ್ಪತ್ತು ಕೊಡ ಹೊತ್ತು ಮೂರು ಮಹಡಿ ಹತ್ತಿದೋಳಿಗೆ ನೀರಿನ ಭಯ ಏನು? ಒಂದು ಪಂಪು, ಎರಡು ಪೈಪು. ಬಿಸಿನೀರು ಆ ಕಡೆ ಹೋಗಿ, ಫ್ಯಾನಿನ ಗಾಳಿಗೆ ಆರಿ, ಈ ಕಡೆ ಬರ್ಬೇಕು. ಅಷ್ಟೇ ಸಂಸಾರ," ಎಂದು ನಗುತ್ತಾರೆ. ಈಗ ದಿನಕ್ಕೆ ಆರೇಳು ಯಂತ್ರ ಅವರ ಕೈ ದಾಟುತ್ತವೆ. ಗುಡುಗುಡು ಅಂದರೆ ಒಳಗೆ ಗಾಳಿ ಸೇರಿದೆ. ಹಾಲು ಕುಡಿದ ಮಗುವನ್ನು ತೇಗಿಸುವ ಹಾಗೆ ಡಬ್ಬವನ್ನು ವಾಲಿಸಿ ಗಾಳಿ ಬಿಡಿಸಬೇಕು. ಕರಕರ ಅಂದರೆ ಪಂಪಿನ ಚಕ್ರ ಸವೆದಿದೆ. ಸದ್ದೇ ಇಲ್ಲದಿದ್ದರೆ ಮೊದಲು ವೈರು ನೋಡಬೇಕು, ಆಮೇಲೆ ಅಳಬೇಕು.

ಮೊದಲೆಲ್ಲ ಸ್ಕ್ರೂಡ್ರೈವರಿನ ಹಿಡಿ ಇರುತ್ತಿದ್ದದ್ದು ಕಿವಿಯ ಹತ್ತಿರ. ಪಂಪಿನ ನಡುಕ ನೇರ ಏರಿ ತಿಳಿಯಲೆಂದು ಅದು ಹಲ್ಲಿಗೆ ಬಂದು ನಾಲ್ಕು ತಿಂಗಳು. ಮಾಲೀಕರು ಗಿರಾಕಿಗಳನ್ನು ಬಾಗಿಲವರೆಗೆ ಕರೆತಂದು ತೋರಿಸಿ, "ಇದು ನಮ್ಮ ಅಂಗಡಿಯ ವಿದ್ಯೆ" ಎಂದು ಜಂಬ ಕೊಚ್ಚುತ್ತಾರೆ. ನಿಜ ಗೊತ್ತಿರುವುದು ಪಂಪಕ್ಕನಿಗೆ, ಅವರ ಜೊತೆ ಇರುವ ತಂಗಿಗೆ, ಇಬ್ಬರಿಗೇ. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ.

ಮೇಜಿನಿಂದ ಮೂರು ಅಡಿ ದೂರದಲ್ಲಿ ಧೂಳು ಊದುವ ಬ್ಲೋವರ್ ಇದೆ. ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೆ ಅದು ಅರಚುತ್ತದೆ, ಹದಿನೆಂಟು ವರ್ಷದಿಂದ. ಕಿವಿಗೆ ಏನಾದರೂ ಮುಚ್ಚಿಕೊಳ್ಳಲು ಕೊಡಿಸಿ ಎಂದು ಒಮ್ಮೆ ಕೇಳಿದರೆ, "ಕಿವಿ ಮುಚ್ಕೊಂಡ್ರೆ ಪಂಪಿನ ಸದ್ದು ಹೇಗೆ ಕೇಳ್ತೀಯಮ್ಮ?" ಎಂದು ಮಾಲೀಕರು ನಕ್ಕರಂತೆ. ಕಿವಿ ತಿಂದವರೇ ಈಗ ಹಲ್ಲನ್ನು ಹೊಗಳುತ್ತಿದ್ದಾರೆ. ಥೂ, ಇಂಥ ಹೊಗಳಿಕೆಗೆ ಬೆಂಕಿ ಬೀಳಲಿ.

ನಾಲ್ಕು ತಿಂಗಳ ಹಿಂದೆ ಒಂದು ಯಂತ್ರವನ್ನು ಸದ್ದಿಲ್ಲ, ಸರಿಯಾಗಿದೆ ಎಂದು ಪಂಪಕ್ಕ ಕಳಿಸಿಕೊಟ್ಟರು. ಮರುದಿನವೇ ಅದು ವಾಪಸು ಬಂತು. ಪಂಪು ಸೊಳ್ಳೆಯ ಹಾಗೆ ಕುಂಯ್‌ಗುಡುತ್ತಿತ್ತು. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುತ್ತಿತ್ತು, ಇವರೊಬ್ಬರನ್ನು ಬಿಟ್ಟು. "ಕಿವಿ ಹೋಗಿದೆ ಅಂತ ಗೊತ್ತಾದ್ರೆ ಮತ್ತೆ ಪೊರಕೆ ಕೈಗೆ ಕೊಡ್ತಾರೆ. ಅದೂ ಕೊಟ್ರೆ ಕೊಟ್ರು," ಎನ್ನುತ್ತಾರೆ. ಹೇಳಿ, ತಕ್ಷಣ ಕೈ ಅಡ್ಡ ಆಡಿಸುತ್ತಾರೆ. "ಕಿವಿ ವಿಷಯ ಮಾತ್ರ ಪೇಪರಲ್ಲಿ ಬರೀಬೇಡಿ. ನಿಮ್ಮ ದಮ್ಮಯ್ಯ."

ಹೊಲಿಗೆ ಮಾಡಿ ಬದುಕುವ ತಂಗಿ ಏಳು ಗಂಟೆಗೆ ತಿಂಡಿಯ ಡಬ್ಬಿ ತರುತ್ತಾರೆ. ಅವರ ಹೊಲಿಗೆ ಯಂತ್ರದ ಮೋಟಾರಿಗೆ ಸ್ಕ್ರೂಡ್ರೈವರ್ ಊರಿ, ಕಚ್ಚಿ, ಪಂಪಕ್ಕ ತಮ್ಮ ಹಲ್ಲಿಗೆ ಪಾಠ ಹೇಳಿಕೊಂಡದ್ದು ಒಂದು ವಾರ. "ಅಕ್ಕಾ, ಅನ್ನ ತಿನ್ನು, ಮೋಟಾರು ತಿನ್ಬೇಡ ಅಂತ ರೇಗಿಸ್ತಿದ್ದೆ," ಎನ್ನುತ್ತಾರೆ ತಂಗಿ. ಅಕ್ಕನಿಗೆ ಅದು ಕೇಳಿಸಿಲ್ಲ. ಅವರು ಕೆಲಸದಲ್ಲಿದ್ದಾರೆ.

ಪಂಪಕ್ಕ ಎರಡು ಕೈಯಲ್ಲಿ ಎರಡು ಪೈಪು ಹಿಡಿದಿದ್ದಾರೆ. ಒಂದು ಕೆಂಡದಂತೆ ಸುಡುತ್ತಿದೆ, ಇನ್ನೊಂದು ತಣ್ಣಗಿದೆ. ಪಂಪು ತಿರುಗಿದರೂ ನೀರು ಹರಿಯುತ್ತಿಲ್ಲ. ಪೈಪು ಬಿಚ್ಚಿದರೆ ಒಡೆದ ಹಾಲಿನಂಥ ಗಸಿ ಇಳಿಯುತ್ತದೆ. ಒಳಗಿನ ಹಸಿರು ದ್ರವ ಕಡಿಮೆಯಾಯಿತೆಂದು ಅದರ ಮೇಲೆ ಬೇರೆ ಜಾತಿಯ ಗುಲಾಬಿ ದ್ರವ ಸುರಿದಿದ್ದಾರೆ. ಎರಡೂ ಸೇರಿ ಗಡ್ಡೆ ಕಟ್ಟಿ ದಾರಿ ಮುಚ್ಚಿದೆ. ಹೋದ ತಿಂಗಳು ಹಾಗೆ ಸುರಿದವರು ಮಾಲೀಕರೇ ಎಂದು ಡಬ್ಬಕ್ಕೆ ಅಂಟಿಸಿದ ಚೀಟಿ ಹೇಳುತ್ತದೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ತಪ್ಪು ಇವರದ್ದು, ಸತ್ತದ್ದು ಪಂಪು," ಎಂದು ಗೊಣಗುತ್ತ ಅವರು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಮೂಲೆ ಮೂಲೆ ಉಜ್ಜುತ್ತಾರೆ. ನಾಲ್ಕು ಸಲ ಶುದ್ಧ ನೀರು ಹಾಯಿಸಿ, ಹೊಸ ದ್ರವ ತುಂಬಿ, ಡಬ್ಬ ವಾಲಿಸಿ ಗಾಳಿ ಬಿಡಿಸುತ್ತಾರೆ. ಎಂಟೂ ಮುಕ್ಕಾಲಿಗೆ ಮತ್ತೆ ಸ್ಕ್ರೂಡ್ರೈವರ್ ಕಚ್ಚುತ್ತಾರೆ. ಪರದೆಯ ಮೇಲೆ ತೊಂಬತ್ತನಾಲ್ಕು ಡಿಗ್ರಿ ತೋರಿಸುತ್ತಿದ್ದ ಬಿಸಿ ಈಗ ಐವತ್ತೊಂದಕ್ಕೆ ನಿಂತಿದೆ.

ಎಕ್ಸ್‌ರೇ ಕೇಂದ್ರದ ಹೆಂಗಸು ಒಂಬತ್ತಕ್ಕೆ ಸರಿಯಾಗಿ ಬರುತ್ತಾರೆ. "ಬಹಳ ಕಷ್ಟದ ಕೇಸು. ನಾನೇ ಮುಂದೆ ನಿಂತು ಮಾಡಿಸ್ದೆ," ಎನ್ನುತ್ತಾರೆ ಆಗಷ್ಟೇ ಬೀಗದ ಕೈ ತಿರುಗಿಸುತ್ತ ಒಳಗೆ ಬಂದ ಮಾಲೀಕರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವುದು ಸುಳ್ಳಲ್ಲ. ಆದರೆ ಬಂದಾಕೆಗೂ ಕಣ್ಣಿದೆ. ಹಿಂದಿನ ಕೋಣೆಯ ಬಾಗಿಲಿಗೆ ಬಂದು, ಗಸಿ ಮೆತ್ತಿದ ಬ್ರಷ್ ತೊಳೆಯುತ್ತ ಅತ್ತ ತಿರುಗಿ ನಿಂತ ಪಂಪಕ್ಕನಿಗೆ ಹೇಳುತ್ತಾರೆ: "ಅಕ್ಕಾ, ದೊಡ್ಡ ಉಪಕಾರ ಆಯ್ತು. ನೀವಿಲ್ದಿದ್ರೆ ಇವತ್ತೂ ಜನರನ್ನ ವಾಪಸ್ ಕಳಿಸ್ಬೇಕಿತ್ತು."

ಆಕೆ ನಿಂತದ್ದು ಪಂಪಕ್ಕನ ಬಲಗಡೆ. ಬ್ಲೋವರ್ ಬೇರೆ ಶುರುವಾಗಿದೆ. ಪಂಪಕ್ಕ ತಿರುಗುವುದಿಲ್ಲ. ಆಕೆ ಇನ್ನೊಮ್ಮೆ "ಅಕ್ಕಾ" ಎನ್ನುತ್ತಾರೆ, ಕಾಯುತ್ತಾರೆ, ಮುಖ ಸಣ್ಣದು ಮಾಡಿಕೊಂಡು ಹೊರಡುತ್ತಾರೆ. "ಬೇಜಾರ್ ಮಾಡ್ಕೋಬೇಡಿ, ಅವಳಿಗೆ ಸ್ವಲ್ಪ ಸೊಕ್ಕು ಜಾಸ್ತಿ," ಎಂದು ಮಾಲೀಕರು ಸಮಾಧಾನ ಹೇಳುತ್ತಾರೆ.

ನಡೆದದ್ದನ್ನು, ಮಾಲೀಕರು ಅಂದದ್ದನ್ನೂ ಸೇರಿಸಿ, ತಂಗಿಯೇ ಎಡಗಿವಿಯ ಬಳಿ ಬಾಗಿ ಹೇಳುತ್ತಾರೆ. ಪಂಪಕ್ಕನ ಕೈಯಲ್ಲಿ ಬ್ರಷ್ ಹಾಗೇ ನಿಲ್ಲುತ್ತದೆ. "ಏನಂದ್ರಂತೆ? ಇನ್ನೊಂದ್ಸಲ ಹೇಳೇ." ತಂಗಿ ಇನ್ನೊಂದು ಸಲ ಹೇಳುತ್ತಾರೆ. ಈ ಕೋಣೆಯ ಬಾಗಿಲವರೆಗೆ ಬಂದು ಉಪಕಾರ ಆಯ್ತು ಅಂದವರು ಹದಿನೆಂಟು ವರ್ಷದಲ್ಲಿ ಯಾರೂ ಇಲ್ಲ.

ಪಂಪಕ್ಕ ಕೈ ಒರೆಸಿಕೊಂಡು ಕೂರುತ್ತಾರೆ. "ಪೇಪರಲ್ಲಿ ಬರೀರಿ, ಕಿವಿ ವಿಷಯನೂ ಬರೀರಿ," ಎನ್ನುತ್ತಾರೆ. "ಕೆಲಸ ಹೋದ್ರೆ ಹೋಗ್ಲಿ. ಆ ಹೆಣ್ಣುಮಗಳು ನನ್ನನ್ನ ಕಿವುಡಿ ಅಂದ್ಕೊಳ್ಳಲಿ. ಸೊಕ್ಕಿನವಳು ಅಂದ್ಕೊಂಡು ಇರೋದು ಬೇಡ."