ಅಬ್ಲಾ ಮುನೀರಾ ಮನೆಮುಂದಿನ ನೀರು

ಭೂತ, ಶಕುನ, ಮುಂದಾಗುವುದು ಮೊದಲೇ ಕಾಣುವುದು ಎಂದೆಲ್ಲ ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವಳು ನಾನು. ಊರಿಗೆ ಹೋದಾಗ ಹಲ್ಲಿ ಲೊಚಗುಟ್ಟಿದರೆ ಅಮ್ಮ ನೆಲ ತಟ್ಟಿ ಕೃಷ್ಣ ಕೃಷ್ಣ ಎನ್ನುತ್ತಿದ್ದಳು. ಕೆನಡಾದಲ್ಲಿ ನಮ್ಮ ಮನೆಗೆ ಹಲ್ಲಿಯೇ ಬರುವುದಿಲ್ಲ, ಹಾಗಾಗಿ ನಮಗೆ ಶಕುನವೂ ಇಲ್ಲ ಎಂದು ಅವಳನ್ನು ಕಾಡಿಸುತ್ತಿದ್ದೆ. ಈಗ ಅಷ್ಟು ಜೋರಾಗಿ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ನಾನು ಶಾಲೆಯಲ್ಲಿದ್ದಾಗಲೇ ನಮ್ಮ ಮನೆಯವರು ಧಾರವಾಡದಿಂದ ಕೆನಡಾಕ್ಕೆ ಹೋಗಿ ನೆಲೆಸಿದರು. ಅಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದಾಗ ಒಂದು ವರ್ಷ ಅರಬ್ಬಿ ಕಲಿಯಲೆಂದು ಕುವೈತಿಗೆ ಬಂದೆ. ಅಬು ಹಲೀಫಾದಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಇದ್ದರು. ಚಿಕ್ಕಪ್ಪ ಎಣ್ಣೆ ಕಂಪನಿಯೊಂದರಲ್ಲಿ ಟೆಕ್ನಿಷಿಯನ್. ಅವರ ಮನೆಯ ಜೋಳದ ರೊಟ್ಟಿ, ಸಂಜೆ ಸಮುದ್ರದ ಗಾಳಿ, ಎರಡೂ ಸಿಕ್ಕಿದ್ದರಿಂದ ನನಗೆ ಯಾವ ಕೊರತೆಯೂ ಇರಲಿಲ್ಲ. ಒಂದೇ ಕಿರಿಕಿರಿ. ಟ್ಯಾಕ್ಸಿಯವರು, ಅಂಗಡಿಯವರು, ಬ್ಯಾಂಕಿನವರು, ಎಲ್ಲರೂ ಯಾವ ದೇಶ ಎಂದು ಕೇಳುವರು. ಕೆನಡಾ ಎಂದರೆ ನನ್ನ ಮುಖ ನೋಡಿ, “ಅದಲ್ಲ, ಒರಿಜಿನಲ್ ಯಾವುದು?” ಎನ್ನುವರು. ಒಮ್ಮೆ ರೇಗಿ, ನಾನು ಜೆರಾಕ್ಸ್ ಎಂದುಬಿಟ್ಟಿದ್ದೆ.

ಇದನ್ನೆಲ್ಲ ಕೆನಡಾದ ಗೆಳತಿಯರಿಗೆ ವಾರವಾರ ಉದ್ದುದ್ದ ಈಮೇಲ್ ಬರೆಯುತ್ತಿದ್ದೆ. ಚುನಾವಣೆಗೆ ನಿಂತವರು ಡೇರೆ ಹಾಕಿ ಜನಕ್ಕೆ ಊಟ ಬಡಿಸುವುದು, ಹೊರಗಿನವರು ಎಷ್ಟು ವರ್ಷ ದುಡಿದರೂ ಇಕಾಮಾ ಎಂಬ ವಾಸದ ಪರವಾನಗಿ ಮುಗಿದ ದಿನ ಗಂಟುಮೂಟೆ ಕಟ್ಟಬೇಕಾದದ್ದು, ಶುಕ್ರವಾರದ ಖಾಲಿ ರಸ್ತೆ, ಹೀಗೆ ಬಾಯಿಗೆ ಬಂದದ್ದು. ಇಪ್ಪತ್ತರ ವಯಸ್ಸಿನಲ್ಲಿ ಅಭಿಪ್ರಾಯಗಳಿಗೇನು ಬರ? ಒಂದು ದೇಶಕ್ಕೆ ಬಂದು ತಿಂಗಳಾಗುವಷ್ಟರಲ್ಲಿ ಅದನ್ನು ಹೇಗೆ ನಡೆಸಬೇಕೆಂದು ನನಗೆ ಗೊತ್ತಾಗಿತ್ತು.

ಅರಬ್ಬಿ ಮಾತಾಡಿ ರೂಢಿಯಾಗಲೆಂದು ನಮ್ಮ ತರಗತಿಯವರು ನನ್ನನ್ನು ಸಲ್ವಾ ಬಡಾವಣೆಯ ಅಬ್ಲಾ ಮುನೀರಾ ಅವರಿಗೆ ಪರಿಚಯಿಸಿದರು. ಅಬ್ಲಾ ಎಂದರೆ ಅಲ್ಲಿ ಟೀಚರಮ್ಮ. ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿತ್ತು, ಗಂಡ ತೀರಿದ್ದರು, ಮಕ್ಕಳಿರಲಿಲ್ಲ. ತಮ್ಮನ ದೊಡ್ಡ ಮನೆಯಲ್ಲಿ, ಅವನ ಮಕ್ಕಳು ಮೊಮ್ಮಕ್ಕಳ ಗದ್ದಲದ ನಡುವೆ ರಾಣಿಯ ಹಾಗೆ ಇದ್ದರು. ನಾನು ಅರ್ಧ ಗಂಟೆ ಅರಬ್ಬಿಯಲ್ಲಿ ತೊದಲುವುದು, ಆಮೇಲೆ ಅವರು ಇಂಗ್ಲಿಷಿನಲ್ಲಿ ನನ್ನೊಡನೆ ರಾಜಕೀಯ ಜಗಳವಾಡುವುದು, ಇದು ನಮ್ಮ ಒಪ್ಪಂದ. ಅಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂದು ಹೆಚ್ಚು ಕಾಲವಾಗಿರಲಿಲ್ಲ. ಅಬ್ಲಾ ಮುದುಕಿಯಾದ ಮೇಲೆ ಮೊದಲ ಸಲ ಮತ ಹಾಕಿದ್ದರು, ಅವರು ಹಾಕಿದವನು ಸೋತಿದ್ದ. ಕೆನಡಾದಲ್ಲಿ ನಾನು ಮೊದಲ ಸಲ ಹಾಕಿದವಳೂ ಸೋತಿದ್ದಳು. ನಮ್ಮ ಸ್ನೇಹ ಗಟ್ಟಿಯಾದದ್ದು ಈ ಸೋಲಿನಿಂದಲೇ.

ಅವರ ಬೈಠಕ್ಕಿನಲ್ಲಿ ಗೋಡೆಯಗಲ ಒಂದು ಚಿತ್ರವಿತ್ತು. ಮರ, ಕೊಂಬೆ, ಎಲೆಎಲೆಗೂ ಒಂದು ಹೆಸರು. ಆ ಮನೆತನದ ವಂಶವೃಕ್ಷ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ, ಮುನೀರಾ ಎಲ್ಲೂ ಸಿಗಲಿಲ್ಲ. ಗಂಡಸರ ಹೆಸರು ಮಾತ್ರ ಬರೆಯುವುದು ಪದ್ಧತಿ ಎಂದರು. ನಾನು ಸಮಾನತೆಯ ಬಗ್ಗೆ ಭಾಷಣಕ್ಕೆ ಕೈಹಾಕಿದೆ. ಅವರು ತಡೆದು, ಮಕ್ಕಳಿದ್ದ ಹೆಂಗಸು ಮಕ್ಕಳ ಬಾಯಲ್ಲಾದರೂ ಉಳಿಯುತ್ತಾಳೆ, ನಾನು ಹೋದ ಮೇಲೆ ನನ್ನ ಹೆಸರು ಯಾವ ಗೋಡೆಯ ಮೇಲೂ ಇರುವುದಿಲ್ಲ ಎಂದರು. ಯಾವತ್ತೂ ನಗುವ ಹೆಂಗಸು ಅವತ್ತು ನಗಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಪಾಠ ಮುಗಿಸಿ ಬಸ್ಸಿಗೆಂದು ಹೊರಟೆ. ಎರಡು ಬೀದಿ ದಾಟಿರಬೇಕು, ಎದುರಿಗೆ ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತು. ಕುವೈತಿನ ಧೂಳಿನ ಗಾಳಿ ನೋಡಿದವರಿಗೆ ಹೇಳಬೇಕಾಗಿಲ್ಲ. ನೋಡದವರಿಗೆ ಇಷ್ಟು ಸಾಕು: ಹಗಲು ಹೊತ್ತಿನಲ್ಲೇ ರಾತ್ರಿಯಾಯಿತು, ನನ್ನ ಕೈ ನನಗೆ ಕಾಣಲಿಲ್ಲ. ನನಗೆ ಚಿಕ್ಕಂದಿನಿಂದ ದಮ್ಮು. ಇನ್ಹೇಲರ್ ಎಳೆದೆ, ಗಾಳಿಗಿಂತ ಮಣ್ಣೇ ಹೆಚ್ಚು ಒಳಗೆ ಹೋಯಿತು. ಗಂಟಲು ಕಟ್ಟಿತು. ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು, ಮನೆಗಳ ಗೋಡೆ ಸವರುತ್ತ ಬಂದ ದಾರಿಯಲ್ಲೇ ಹಿಂದಿರುಗಿದೆ. ಇಲ್ಲೇ ಮುಗಿಯಿತು ನನ್ನ ಕಥೆ, ಅಮ್ಮನಿಗೆ ಯಾರು ಫೋನ್ ಮಾಡುತ್ತಾರೋ ಎಂದು ಅನ್ನಿಸಿದ್ದು ನೆನಪಿದೆ.

ಆಗ ಕೈಗೆ ತಣ್ಣನೆಯ ಸ್ಟೀಲು ತಗುಲಿತು. ಕುಡಿಯುವ ನೀರಿನ ಕೂಲರ್. ಸಲ್ವಾದಲ್ಲಿ ಎಷ್ಟೋ ಮನೆಗಳ ಗೋಡೆಗೆ ದಾರಿಹೋಕರಿಗೆಂದು ಇಂಥದ್ದು ಇಟ್ಟಿರುತ್ತಾರೆ. ಮೂರು ನಲ್ಲಿಗಳಿದ್ದವು. ನಡುವಿನದಕ್ಕೆ ಕೈಹಾಕಿದೆ, ಅದಕ್ಕೆ ಬಟ್ಟೆ ಸುತ್ತಿ ಬಿಗಿದಿತ್ತು. ಎಡಗಡೆಯದನ್ನು ತಿರುಗಿಸಿದೆ, ನೀರು ಬಂತು. ಬೊಗಸೆ ಬೊಗಸೆ ಕುಡಿದೆ, ಮುಖಕ್ಕೆ ಹೊಡೆದುಕೊಂಡೆ, ದುಪಟ್ಟಾ ನೆನೆಸಿ ಮೂಗಿಗೆ ಕಟ್ಟಿಕೊಂಡೆ. ಉಸಿರು ಬಂತು. ಮೇಲುಗಡೆ ಗೋಡೆಗೆ ಕೂರಿಸಿದ ಒಂದು ನುಣುಪು ಹೆಂಚಿನ ಮೇಲೆ ಅಕ್ಷರಗಳಿದ್ದವು. ಕಣ್ಣು ಹತ್ತಿರ ಒಯ್ದು, ಬೆರಳಾಡಿಸಿ ಓದಿದೆ. ಮುನೀರಾ. ಅಬ್ಬ, ಮನೆ ಸಿಕ್ಕಿತು ಎಂದು ಪಕ್ಕದ ಗೇಟಿನ ಗಂಟೆ ಒತ್ತಿದೆ. ಬಾಗಿಲು ತೆರೆದವರು ಅಬ್ಲಾ.

ನನ್ನನ್ನು ಒಳಗೆಳೆದುಕೊಂಡು ಕೂರಿಸಿ, ದುಪಟ್ಟಾ ಹಿಂಡಿ ಒಣಗಲು ಹಾಕಿದವರೂ ಅವರೇ. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಹೊರಗೆ ನಿಮ್ಮ ಹೆಸರಿನ ನೀರು ಇದ್ದುದರಿಂದ ಬದುಕಿದೆ, ನಿಮಗೆ ಪುಣ್ಯ ಬರಲಿ ಎಂದು ಬರುತ್ತಿದ್ದಷ್ಟು ಅರಬ್ಬಿಯಲ್ಲಿ ಹೇಳಿದೆ.

ಅಬ್ಲಾ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು. “ನಮ್ಮ ಮನೆಗೆ ಅಂಥ ಕೂಲರ್ ಇಲ್ಲ ಮಗಳೇ. ಅದನ್ನು ಇಡೋದು ಸತ್ತವರ ಹೆಸರಲ್ಲಿ.”

ನಾನು ಅಲ್ಲಿಯವರೆಗೆ ಅದು ಮನೆಯ ಯಜಮಾನರ ಹೆಸರು ಎಂದುಕೊಂಡಿದ್ದೆ. ನಮ್ಮ ಕಡೆ ಗೇಟಿಗೆ ನಾಮಫಲಕ ಹಾಕುವುದಿಲ್ಲವೇ, ಹಾಗೆ. ಎದುರಿಗೆ ಕೂತ ಜೀವಂತ ಹೆಂಗಸಿಗೆ ನೀನು ಸತ್ತಿದ್ದೀಯೆ ಎಂದು ಹೇಳಿ ಧನ್ಯವಾದ ಕೊಟ್ಟ ಹಾಗಾಯಿತು. ನಾಲಿಗೆ ಕಚ್ಚಿಕೊಂಡೆ. ಗಾಳಿ ಇಳಿದ ಮೇಲೆ ಇಬ್ಬರೂ ಹೊರಗೆ ಹೋಗಿ ನೋಡಿದೆವು. ಗೇಟಿನ ಪಕ್ಕ ಬೋಳು ಗೋಡೆ, ಬುಡದಲ್ಲಿ ಧೂಳು. ನಾನು ಕ್ಷಮಿಸಿ, ಕ್ಷಮಿಸಿ ಎನ್ನುತ್ತಲೇ ಇದ್ದೆ. ಅವರಿಗೆ ಅದು ಕೇಳಿಸಿದಂತಿರಲಿಲ್ಲ.

“ಹೊರಗಿನ ಗೋಡೆಗಾ?” ಎಂದರು. “ಬೀದಿಗೆ ಕಾಣೋ ಹಾಗೆ?”

ಹೌದು ಎಂದೆ. ಅವರ ಮುಖ ಅರಳಿತು. ಮದುವೆಯ ಮನೆಗೆ ಕರೆ ಬಂದವರ ಹಾಗೆ ಖುಷಿಯಾಗಿದ್ದರು, ನಾನು ಸುಳ್ಳು ಬೆರೆಸುತ್ತಿಲ್ಲ.

“ನೀರು ತಣ್ಣಗಿತ್ತಾ?”

ಕುಡಿದದ್ದು ನೆನಪಿತ್ತು, ರುಚಿ ನೆನಪಿರಲಿಲ್ಲ. ನೆನಪಿಲ್ಲ ಅಬ್ಲಾ ಎಂದಾಗ, ಹೋಗಲಿ, ಇನ್ನೊಂದು ಸಲ ಕುಡಿದಾಗ ಹೇಳು ಎಂದು ನನ್ನ ಬೆನ್ನು ತಟ್ಟಿದರು.

ಚಿಕ್ಕಪ್ಪ ಇದನ್ನು ಒಂದೇ ಏಟಿಗೆ ಬಗೆಹರಿಸಿದರು. ಬೇರೆ ಯಾವುದೋ ಮನೆಯ ಮುಂದೆ ಕುಡಿದಿದ್ದೀಯ, ಆಮೇಲೆ ಗೋಡೆ ಹಿಡಿದು ನಡೆದಿದ್ದೀಯ, ಕುವೈತಿನಲ್ಲಿ ಮುನೀರಾಗಳಿಗೆ ಲೆಕ್ಕವುಂಟೇ ಎಂದರು. ಆದರೂ ಶುಕ್ರವಾರ ಕಾರಿನಲ್ಲಿ ಆ ಬೀದಿಗಳನ್ನೆಲ್ಲ ಸುತ್ತಿಸಿದರು. ಕೂಲರ್‌ಗಳು ಸಿಕ್ಕವು, ಮುನೀರಾ ಸಿಗಲಿಲ್ಲ. ಚಿಕ್ಕಮ್ಮನಿಗೆ ಹುಡುಕುವುದೇ ತಪ್ಪಾಗಿ ಕಂಡಿತು. “ನಮ್ಮ ಕಡೆ ಅರವಟಿಗಿ ಇಡ್ತಾರಲ್ಲ, ಹಂಗ ಅದು. ನೀರು ಕುಡದಿ, ಜೀವ ಉಳೀತು. ಇನ್ನ ಅದರ ಕುಲಗೋತ್ರ ಯಾಕ ಕೇಳ್ತಿ?” ಎಂದಳು. ಊರವರೆಲ್ಲ ನನ್ನ ಒರಿಜಿನಲ್ ಕೇಳುತ್ತಾರೆಂದು ಗೊಣಗುತ್ತಿದ್ದ ನಾನು ಅಂದಿಗೆ ಹುಡುಕಾಟ ಬಿಟ್ಟೆ.

ವರ್ಷ ಮುಗಿಸಿ ಕೆನಡಾಕ್ಕೆ ಮರಳಿದೆ. ಅಬ್ಲಾ ಎಷ್ಟೋ ವರ್ಷ ಗಟ್ಟಿಮುಟ್ಟಾಗಿದ್ದರು. ಮತ್ತೆ ಮತ್ತೆ ಮತ ಹಾಕಿದರು, ಒಮ್ಮೆ ಅವರ ಅಭ್ಯರ್ಥಿ ಗೆದ್ದೂ ಬಿಟ್ಟ. ಅವತ್ತಿನ ಈಮೇಲಿನಲ್ಲಿ ಬರೀ ಆಶ್ಚರ್ಯಸೂಚಕ ಚಿಹ್ನೆಗಳೇ ಇದ್ದವು. ಆ ನೀರಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಮಾತಿನಿಂದ ಅವರಿಗೇನಾದರೂ ಆದೀತು ಎಂಬ ಅಳುಕು ಒಳಗೆ ಇದ್ದೇ ಇತ್ತು. ಕೊನೆಗೆ ಒಂದು ಚಳಿಗಾಲ, ನಿದ್ದೆಯಲ್ಲೇ ಹೋದರೆಂದು ಸುದ್ದಿ ಬಂತು.

ಅದರ ಮರುವರ್ಷ ಚಿಕ್ಕಪ್ಪ ನಿವೃತ್ತರಾಗಿ ಊರಿಗೆ ಹೊರಟರು. ಸಾಮಾನು ಕಟ್ಟಲು ನೆರವಾಗಲೆಂದು ಕುವೈತಿಗೆ ಹೋದವಳು ಒಂದು ಬೆಳಿಗ್ಗೆ ಸಲ್ವಾಕ್ಕೂ ಹೋದೆ. ಗೇಟಿನ ಪಕ್ಕ ಕೂಲರ್ ಇತ್ತು. ಮೇಲೆ ಹೆಂಚು, ಹೆಂಚಿನ ಮೇಲೆ ಮುನೀರಾ. ಇಟ್ಟವನು ಅವರ ತಮ್ಮನ ಮಗ. ಚಿಕ್ಕಂದಿನಲ್ಲಿ ಅವನ ಇಂಗ್ಲಿಷ್ ತಿದ್ದಿದ್ದು ಅಬ್ಲಾ. ಅತ್ತೆ ಹೇಳಿ ಹೋಗಿದ್ದರೇ ಎಂದು ಕೇಳಿದೆ. ಇಲ್ಲ, ನನಗೇ ಅನ್ನಿಸಿತು ಎಂದ. ಅಬ್ಲಾ ಯಾರ ಕಿವಿಗೋ ಹಾಕಿರುತ್ತಾರೆ, ಅದು ಇವನ ತನಕ ಬಂದಿರುತ್ತದೆ ಎನ್ನುತ್ತಾರೆ ಚಿಕ್ಕಪ್ಪ. ಇರಬಹುದು. ನಾನು ವಾದಿಸುವುದಿಲ್ಲ.

ಆದರೆ ಮೂರು ನಲ್ಲಿಗಳಲ್ಲಿ ನಡುವಿನದಕ್ಕೆ ಬಟ್ಟೆ ಸುತ್ತಿತ್ತು. ನಿನ್ನೆ ಕೆಟ್ಟಿತು, ಪ್ಲಂಬರ್ ಇನ್ನೂ ಬಂದಿಲ್ಲ ಎಂದು ಅವನು ಸಂಕೋಚಪಟ್ಟುಕೊಂಡ. ಆ ಬಟ್ಟೆಯ ಸಂಗತಿ ನಾನು ಅಬ್ಲಾಗಾಗಲಿ, ಚಿಕ್ಕಪ್ಪನಿಗಾಗಲಿ, ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯ ಅದೆಂದು ಯಾರಿಗೆ ತೋಚೀತು? ಅಂದಿನಿಂದ ಎಷ್ಟು ಕಡೆಯಿಂದ ಯೋಚಿಸಿದರೂ ನನಗೆ ತಲೆಬುಡ ಸಿಕ್ಕಿಲ್ಲ.

ಅವನು ಒಳಗೆ ಹೋದ ಮೇಲೆ ಎಡಗಡೆಯ ನಲ್ಲಿ ತಿರುಗಿಸಿ ಬೊಗಸೆಯೊಡ್ಡಿದೆ. ಈ ಸಲ ಗಮನವಿಟ್ಟು ಕುಡಿದೆ. ಹೆಂಚಿನ ಕಡೆ ಮುಖ ಎತ್ತಿ, ತಣ್ಣಗಿದೆ ಅಬ್ಲಾ ಎಂದೆ.