ಹಚ್ಚಿದ ಮೇಲೆ ಉಜ್ಜಬಾರದು

ಮೊನ್ನೆ ಬೆಳಿಗ್ಗೆ ಮಗಳು ಯಾರೋ ಉಡುಗೊರೆ ಕೊಟ್ಟ ಸೆಂಟಿನ ಬಾಟಲಿ ತೆರೆದು, ಬೇಡ ಬೇಡ ಅಂದರೂ ಕೇಳದೆ ನನ್ನ ಮಣಿಕಟ್ಟಿಗೆ ಒಂದು ಸಲ ಹೊಡೆದಳು. ಮಾಗಿ ಇನ್ನೇನು ಒಡೆಯುತ್ತದೆ ಅನ್ನುವಂಥ ಆಲೂಬುಖಾರದ ವಾಸನೆ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ರಾಮಮೂರ್ತಿ ನಗರದ ನನ್ನ ಅಡುಗೆಮನೆಗೆ, ಸಾರಿನ ಒಗ್ಗರಣೆಯನ್ನೂ ದಾಟಿಕೊಂಡು ಆಪಾ ಬಂದಿದ್ದರು...

ಕೆಲವು ವರ್ಷಗಳ ಹಿಂದೆ, ನಾವಿನ್ನೂ ಜೋಗುಪಾಳ್ಯದಲ್ಲಿ ಬಾಡಿಗೆಗಿದ್ದಾಗ, ಇಂದಿರಾನಗರದ ಒಂದು ಸೆಂಟಿನ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿ ನಮಗೆಲ್ಲ ಹಿರಿಯರು ಅವರು. ಶಿವಾಜಿನಗರದಿಂದ ಬರುತ್ತಿದ್ದರು, ಅವರ ಅಪ್ಪ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಮಾರಿದವರು. ಅಂಗಡಿಯಲ್ಲಿ ಎಲ್ಲರೂ ಆಪಾ, ಅಂದರೆ ಅಕ್ಕ ಎಂದೇ ಕರೆಯುತ್ತಿದ್ದೆವು.

ಮೊನ್ನೆ ಮಗಳು ಹೊಡೆದಳಲ್ಲ, ಅಲ್ಲಿನ ಅತಿ ದುಬಾರಿ ಸೆಂಟು ಇದೇ. ನಾವು ಕಾಗದದ ಪಟ್ಟಿಗೆ ಹೊಡೆದು ಕೊಟ್ಟರೆ ಆಪಾ ಗಿರಾಕಿಯ ಕೈಗೇ ಹಚ್ಚುತ್ತಿದ್ದರು.

"ಉಜ್ಜಬೇಡಿ, ಅದರ ಪಾಡಿಗೆ ಅದನ್ನ ಬಿಡಿ. ಈಗ ಹಣ್ಣು. ಒಂದು ಕಾಫಿ ಕುಡ್ಕೊಂಡು ಬನ್ನಿ, ಚರ್ಮ ಬರತ್ತೆ. ಸಂಜೆ ಮನೆಗೆ ಹೋದ್ಮೇಲೆ ಊದ್."

ಚರ್ಮದ ವಾಸನೆ ಅಂದ ಕೂಡಲೇ ಮೂಗು ಮುರಿಯುವವರಿದ್ದರು. ನಿಮ್ಮ ಕೈ ಮೇಲಿರುವುದೂ ಚರ್ಮವೇ ಅಲ್ಲವೇ, ಎರಡೂ ಮಾತಾಡಿಕೊಳ್ಳಲಿ ಬಿಡಿ ಎಂದು ಆಪಾ ನಗುತ್ತಿದ್ದರು. ಊದ್ ಅಂದರೇನು ಎಂದು ಕೇಳಿದರೆ, ಅಗರು ಮರದ್ದು, ಹೊಗೆ ಕುಡಿದ ಹಳೇ ಮರದ ಪೆಟ್ಟಿಗೆ ತೆರೆದ ಹಾಗೆ ಅನ್ನುವರು. ಗಿರಾಕಿ ಸಂಜೆಯೇ ವಾಪಸ್ಸು ಬಂದು ಬಾಟಲಿ ಒಯ್ಯುತ್ತಿದ್ದ.

ಎಲ್ಲರ ಮನೆಗೂ ಬಂದ ಆ ಹಾಳು ಜ್ವರ ಆಪಾ ಮನೆಗೂ ಬಂತು. ಜ್ವರ ಬಿಟ್ಟಿತು, ಆದರೆ ಆಪಾಗೆ ವಾಸನೆ ಗೊತ್ತಾಗುವುದು ನಿಂತೇ ಹೋಯಿತು. ನನಗೊಬ್ಬಳಿಗೇ ಹೇಳಿದರು. ಗಂಡ ಇಲ್ಲ, ಓದುವ ಮಕ್ಕಳಿದ್ದರು. ಈ ಕೆಲಸ ಬಿಟ್ಟರೆ ಬೇರೆ ಗತಿಯಿರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನಾನು ಬಾಟಲಿಗಳನ್ನು ಮೂಸಿ, ಎಲ್ಲ ಸರಿಯಾಗಿದೆ ಆಪಾ ಅನ್ನುತ್ತಿದ್ದೆ. ಆಮೇಲೆ ಅವರು ಬರೀ ನೆನಪಿನಿಂದ ಮಾರುತ್ತಿದ್ದರು. ಮಾರಾಟ ಒಂದು ಚೂರೂ ಇಳಿಯಲಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಾನು ರಜೆ ಹಾಕಿದ್ದ ದಿನವೇ ಕೆಟ್ಟುಹೋಗಿದ್ದ ಬಾಟಲಿಯೊಂದು ಅವರ ಕೈಯಿಂದ ಮಾರಾಟವಾಯಿತು. ಗಿರಾಕಿ ಬಂದು ಕೂಗಾಡಿದ. ಮಾಲೀಕ ಎಮ್ಮೆ ಚರ್ಮದ ಮನುಷ್ಯ, ನಗುತ್ತಲೇ ಇದ್ದ. ಮಾರನೆಯ ದಿನ ಟೀ ಹೊತ್ತಿಗೆ ಎಲ್ಲರನ್ನೂ ಕರೆದು, ಇದೇ ಸೆಂಟಿನ ಹೊಸ ಮಾಲು ಬಂದಿದೆ, ಹೇಗಿದೆ ಹೇಳಿ ಎಂದು ಆಪಾ ಮಣಿಕಟ್ಟಿಗೆ ಹೊಡೆದ. ಪಕ್ಕದಲ್ಲೇ ನಿಂತಿದ್ದ ನನಗೆ ಯಾವ ವಾಸನೆಯೂ ಬರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಆಪಾ ಕಣ್ಣು ಮುಚ್ಚಿ ಶುರು ಮಾಡಿಬಿಟ್ಟಿದ್ದರು. ಹಣ್ಣು ಮೊದಲಿಗಿಂತ ಚೆನ್ನಾಗಿ ಮಾಗಿದೆ ಸರ್, ಚರ್ಮ ಈ ಸಲ ಸ್ವಲ್ಪ ಬೇಗ ಬರುವ ಹಾಗಿದೆ...

"ಅದು ಕ್ಯಾನ್ ನೀರು ಕಣ್ರೀ," ಅಂದ.

ಯಾರೋ ಕಿಸಕ್ಕೆಂದು ನಕ್ಕರು. ಆ ನಗು ಇವತ್ತಿಗೂ ನನ್ನ ಮೈ ಉರಿಸುತ್ತದೆ.

ನಾಳೆಯಿಂದ ಬರಬೇಡಿ ಎಂದು ಅವನು ಆಗಲೇ ಹೇಳಿಬಿಟ್ಟ. ಬಸ್ ಸ್ಟಾಪಿನವರೆಗೆ ನಾನೂ ಹೋದೆ. ಆಪಾ ನನ್ನ ಮೂಗಿನ ಹತ್ತಿರ ಕೈ ಹಿಡಿದರು.

"ನಿಜ ಹೇಳು ಬೇಟಾ, ಬರೀ ನೀರೇನಾ?"

ಮೂಸಿದೆ. ಸೋಪು, ಬೆವರು, ಅಷ್ಟೇ. ಹೂಂ ಆಪಾ ಅಂದೆ. ಅಷ್ಟು ಜನರಿಗೆ ಉಜ್ಜಬೇಡಿ ಅಂದಿದ್ದವರು ಎರಡೂ ಮಣಿಕಟ್ಟು ಸೇರಿಸಿ ಉಜ್ಜತೊಡಗಿದರು, ಕೆಂಪಗಾದರೂ ಬಿಡಲಿಲ್ಲ. ಬಸ್ಸು ಬಂತು, ಹತ್ತಿ ಹೋದರು. ಆಮೇಲೆ ಫೋನ್ ಎತ್ತಲಿಲ್ಲ. ಮನೆ ಹುಡುಕಿಕೊಂಡು ಹೋದರೆ ಖಾಲಿ ಮಾಡಿದ್ದರು.

ಅವರ ಜಾಗಕ್ಕೆ ಬಂದ ಹುಡುಗಿಗೆ ಮಾಲೀಕ ಆಪಾ ಮಾತುಗಳನ್ನೇ ಬಾಯಿಪಾಠ ಮಾಡಿಸಿದ. ಈಗ ಹಣ್ಣು, ಕಾಫಿ ಕುಡ್ಕೊಂಡು ಬನ್ನಿ... ಥೂ. ನಾನೂ ಆ ಕೆಲಸ ಬಿಟ್ಟೆ.

ಮೊನ್ನೆ ಮಧ್ಯಾಹ್ನ ಪಾತ್ರೆ ತೊಳೆದ ಮೇಲೂ ಮಣಿಕಟ್ಟಿನಲ್ಲಿ ಚರ್ಮ ಬಂದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಊದ್. "ಇನ್ನೂ ಇದ್ಯಾಮ್ಮಾ?" ಎಂದು ಮಗಳು ಕೇಳಿದಳು. ಇದೆ ಅಂದೆ. ಎಲ್ಲ ಸರಿಯಾಗಿದೆ ಆಪಾ, ನೀವು ಹೇಳಿದ ಹಾಗೇ ಇದೆ ಎಂದು ಹೇಳಬೇಕಾದವರು ಮಾತ್ರ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ.